ಮಾಸ್ಕ್ ತೆಗೆದು ಕೇಳಿದ ಪ್ರಶ್ನೆ

ಜನವರಿ ೧೪

ಅತ್ತೆ,

ನಿಮ್ಮ ಮಗ ಫೋನ್ ಮಾಡಿದಾಗಲೆಲ್ಲ ನೀವು ಮಗಳ ಮನೆಯಲ್ಲಿ ಮೊಮ್ಮಗುವಿಗೆ ಸ್ನಾನ ಮಾಡಿಸುತ್ತಿರುತ್ತೀರಿ. ಬೆಳಿಗ್ಗೆ ಮಾಡಿದರೂ ಸ್ನಾನ, ಸಂಜೆ ಮಾಡಿದರೂ ಸ್ನಾನ. ಅದು ಕೂಸೋ ಮೀನೋ ಎಂದು ಇವರು ತಲೆ ಕೆರೆದುಕೊಳ್ಳುತ್ತಿದ್ದಾರೆ. ಕೊನೆಗೆ ನಿನ್ನೆ ನಾದಿನಿಯೇ ಹೇಳಿದಳು: "ಅತ್ತಿಗೆ, ಅಮ್ಮಂಗೆ ಫೋನ್ ಅಂದ್ರೆ ಆಗಲ್ಲ. ಕಾಗದ ಬರೀಬೇಕಂತೆ, ಅದೂ ದಪ್ಪ ಅಕ್ಷರದಲ್ಲಿ." ಸರಿ, ಬರೆಯುತ್ತಿದ್ದೇನೆ. ಹಗಲೆಲ್ಲ ಆರೋಗ್ಯ ಕೇಂದ್ರದ ಕಂಪ್ಯೂಟರು, ಮನೆಗೆ ಬಂದರೆ ಕ್ಲಾಸಿನ ಕಂಪ್ಯೂಟರು. ಪೆನ್ನು ಹಿಡಿದು ಯಾವ ಕಾಲವಾಯಿತೋ. ಅಕ್ಷರ ಕೋಳಿ ಕೆದಕಿದ ಹಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮೊದಲು ಒಳ್ಳೆಯ ಸುದ್ದಿ. ಅಂಕಿಅಂಶದ ಪರೀಕ್ಷೆ ಪಾಸಾದೆ. ಆ ವಿಷಯಕ್ಕೆ ಹೆದರಿ ನಾನು ಕೂತಲ್ಲಿ ನಿಂತಲ್ಲಿ ಗೊಣಗುತ್ತಿದ್ದುದು ನಿಮಗೇ ಗೊತ್ತು. ಈ ವಯಸ್ಸಿನಲ್ಲಿ ಒಬ್ಬ ನರ್ಸು, ಮನೆಯಲ್ಲೇ ಕೂತು, ಆನ್‌ಲೈನಿನಲ್ಲಿ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ ಓದುತ್ತಾಳೆಂದರೆ ನನಗೇ ಒಮ್ಮೊಮ್ಮೆ ನಂಬಿಕೆ ಬರುವುದಿಲ್ಲ. ನಿಮಗೆ ನೆನಪಿದೆಯೋ ಇಲ್ಲವೋ, ಅದು ಶುರುವಾದದ್ದು ನಮ್ಮ ಅಡುಗೆಮನೆಯಲ್ಲಿ. ಒಂದೇ ಯಂತ್ರಕ್ಕೆ ಒಂದೇ ಬೆರಳು ಕೊಟ್ಟುಕೊಂಡು ಮತ್ತೆ ಮತ್ತೆ ಬರುವವರಿಗೆ ಪಟ್ಟಿ ಕಟ್ಟಿ ಕಟ್ಟಿ ಸಾಕಾಗಿತ್ತು. "ಗಾಯ ಆಗೋಕೆ ಮುಂಚೆ ಯಾರಾದ್ರೂ ಅಲ್ಲಿಗೆ ಹೋಗಿ ನೋಡ್ಬಾರ್ದಾ?" ಎಂದು ನಾನು ಕೂಗಾಡಿದೆ. ನೀವು ತರಕಾರಿ ಹೆಚ್ಚುವುದನ್ನು ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದಿರಿ. "ಆ ಯಾರಾದ್ರೂ ನೀನೇ ಯಾಕಾಗ್ಬಾರ್ದು? ಓದು. ಮನೆ ನಾನು ನೋಡ್ಕೋತೀನಿ" ಎಂದಿರಿ. ನನ್ನ ಅಮ್ಮ ಬದುಕಿದ್ದರೂ ಅಷ್ಟು ಬೇಗ ಹೇಳುತ್ತಿದ್ದಳೋ ಇಲ್ಲವೋ.

ಇನ್ನು ಉಳಿದಿರುವುದು ಕೊನೆಯ ಕೆಲಸ. ನಾನೇ ಜನರ ನಡುವೆ ಹೋಗಿ ಒಂದು ಅಧ್ಯಯನ ಮಾಡಬೇಕು. ಮಾರ್ಚ್ ಮುಗಿಯುವುದರೊಳಗೆ ಗೈಡ್ ಮೇಡಂ ಅದನ್ನು ಒಪ್ಪಬೇಕು. ಒಪ್ಪದಿದ್ದರೆ ಇಷ್ಟು ದಿನ ಓದಿದ್ದೆಲ್ಲ ನೀರಿನಲ್ಲಿ ಹೋಮ ಮಾಡಿದ ಹಾಗೆ. ನಾನು ನಿಮ್ಮ ಹಳೆಯ ನೂಲಿನ ಮಿಲ್ಲನ್ನೇ ಆರಿಸಿಕೊಂಡಿದ್ದೇನೆ. ಆ ಗದ್ದಲದಲ್ಲಿ ದುಡಿಯುವ ಹೆಂಗಸರ ಕಿವಿ ಹೇಗಿದೆ ಎಂದು ನೋಡುವುದು ನನ್ನ ವಿಷಯ. ಖುಷಿಯಾಯಿತಾ?

ಬಚ್ಚಲಿನ ಚಿಲಕ ಬದಲಾಯಿಸಿದ್ದಾಯಿತು. ಆ ದಿನದ ಸಂಗತಿಯನ್ನು ನೀವಿನ್ನೂ ಮನಸ್ಸಿಗೆ ಹಚ್ಚಿಕೊಂಡಿದ್ದೀರೇನೋ ಎಂದು ನನಗೆ ಅನುಮಾನ. ಚಿಲಕ ಸಿಕ್ಕಿಕೊಂಡು ನಮ್ಮ ಪುಟ್ಟಿ ಒಳಗೆ ಬಾಗಿಲು ಬಡಿದು ಅಳುತ್ತಿದ್ದಾಗ ನೀವು ಹೊರಗೆ ಕುರ್ಚಿಯಲ್ಲಿ ಜೋಂಪು ಹತ್ತಿ ಕೂತಿದ್ದಿರಿ. ಯಾರಿಗೆ ಹತ್ತುವುದಿಲ್ಲ ಹೇಳಿ. ನಾನಂತೂ ರೂಮಿನ ಬಾಗಿಲು ಹಾಕಿ, ಇಯರ್‌ಫೋನ್ ಸಿಕ್ಕಿಸಿಕೊಂಡು ಪರೀಕ್ಷೆ ಬರೆಯುತ್ತಿದ್ದೆ. ಪಕ್ಕದ ಮನೆಯ ಟೈಲರ್ ಓಡಿ ಬಂದು ಬಾಗಿಲು ತೆಗೆದರು, ಮಗು ಹೊರಗೆ ಬಂತು, ಅಲ್ಲಿಗೆ ಮುಗಿಯಿತು. ಆದರೆ ನಾದಿನಿಯ ಹೆರಿಗೆಗೆ ಇನ್ನೂ ದಿನವಿದ್ದರೂ ನೀವು ಮಾರನೆಯ ವಾರವೇ ಚೀಲ ಹಿಡಿದು ಹೊರಟುಬಿಟ್ಟಿರಿ.

ಮನೆ ಅಚ್ಚುಕಟ್ಟಾಗಿ ನಡೆಯುತ್ತಿದೆ. ನೀವು ಚಿಂತೆ ಮಾಡಬೇಡಿ. ಯಾವಾಗ ಬರುತ್ತೀರಿ?

ನಿಮ್ಮ ಸೊಸೆ

*

ಜನವರಿ ೨೬

ನನ್ನ ಅರ್ಧ ಡಾಕ್ಟ್ರಮ್ಮನಿಗೆ,

ನಿನ್ನ ಅಕ್ಷರ ಕೋಳಿ ಕೆದಕಿದ ಹಾಗಿಲ್ಲ, ಕೋಳಿ ಓಡಿಹೋದ ಹಾಗಿದೆ. ಆದರೂ ಓದಿದೆ. ಕನ್ನಡಕ ಹಾಕಿಕೊಂಡು ಒಮ್ಮೆ, ತೆಗೆದು ಒಮ್ಮೆ. ಪಾಸಾದ ಸಾಲನ್ನು ನಿನ್ನ ನಾದಿನಿಗೂ ಅಳಿಯಂದಿರಿಗೂ ಹಾಲಿನವನಿಗೂ ಓದಿ ಹೇಳಿದೆ. ಹಾಲಿನವನಿಗೆ ಅರ್ಥವಾದದ್ದು ಅಷ್ಟಕ್ಕಷ್ಟೇ, ಆದರೂ ತಲೆಯಾಡಿಸಿದ.

ಕೂಸು ಚೆನ್ನಾಗಿದೆ. ಮೂಗು ನಮ್ಮ ಕಡೆಯದು, ಹಟ ಅವರ ಕಡೆಯದು ಎಂದು ಸದ್ಯಕ್ಕೆ ತೀರ್ಮಾನವಾಗಿದೆ. ನಾನು ದಿನವಿಡೀ ತೊಟ್ಟಿಲ ಪಕ್ಕ ಸ್ಟೂಲು ಹಾಕಿಕೊಂಡು, ಕೂಸಿನ ಎದೆಯ ಮೇಲೆ ಅಂಗೈ ಇಟ್ಟುಕೊಂಡು ಕೂತಿರುತ್ತೇನೆ. "ಇಂಥಾ ಅಜ್ಜಿ ಎಲ್ಲಿ ಸಿಗ್ತಾರೆ, ಒಂದು ಕ್ಷಣ ಮಗು ಬಿಟ್ಟು ಏಳಲ್ಲ" ಎಂದು ಅಕ್ಕಪಕ್ಕದವರು ಹೊಗಳುತ್ತಾರೆ. ಹೊಗಳಲಿ, ಬೇಡ ಎನ್ನಲು ನನಗೇನು ಹುಚ್ಚೇ.

ವಿಡಿಯೋ ಕರೆ ಮಾಡೋಣ ಎಂದು ನನ್ನ ಮಗರಾಯನಿಗೆ ಹೇಳಬೇಡ. ಅದರಲ್ಲಿ ಮನುಷ್ಯನ ಬಾಯಿ ಒಮ್ಮೆ ಅಲ್ಲಾಡಿ ಗರ ಬಡಿದ ಹಾಗೆ ನಿಂತುಬಿಡುತ್ತದೆ, ನನ್ನ ಮೂಗು ಮಾತ್ರ ಬದನೆಕಾಯಿಯಷ್ಟು ಕಾಣುತ್ತದೆ. ಕಾಗದವೇ ಚೆಂದ. ಬೇಕೆಂದಾಗ ತೆಗೆದು ಓದಬಹುದು.

ಓದಿನ ವಿಷಯ. ಮಿಲ್ಲೇ ಯಾಕೆ ಬೇಕು ಕಣಮ್ಮ? ಊರಿನಲ್ಲಿ ಕುಡಿಯುವ ನೀರಿದೆ, ಸೊಳ್ಳೆಯಿದೆ, ಕಸದ ರಾಶಿಯಿದೆ. ಅದರಲ್ಲಿ ಯಾವುದಾದರೂ ಒಂದು ಹಿಡಿದುಕೊಂಡರೆ ಆಗುವುದಿಲ್ಲವೇ? ಮಿಲ್ಲಿನ ಹೆಂಗಸರಿಗೆ ಕೈತುಂಬ ಕೆಲಸ, ನಿನ್ನ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾ ಕೂರಲು ಪುರುಸೊತ್ತೆಲ್ಲಿ. ಸೊಳ್ಳೆಯನ್ನು ಹಿಡಿ. ಅದಕ್ಕೆ ಪ್ರಶ್ನೆಯನ್ನಾದರೂ ಕೇಳಬೇಕಾಗಿಲ್ಲ.

ಬರುವ ಮಾತು ಆಮೇಲೆ ನೋಡೋಣ. ಕೂಸು ಇನ್ನೂ ಕತ್ತು ನಿಲ್ಲಿಸಿಲ್ಲ.

ಪುಟ್ಟಿಗೆ ನನ್ನ ಮುತ್ತು. ಚಿಲಕ ಹಾಕದೆ ಬಚ್ಚಲಿಗೆ ಹೋಗಲು ಹೇಳು.

ಅತ್ತೆ

*

ಫೆಬ್ರವರಿ ೧೧

ಅತ್ತೆ,

ಸೊಳ್ಳೆ ಬೇಡವೆಂದು ಮಿಲ್ಲಿಗೇ ಹೋದೆ! ಬಯ್ಯಬೇಡಿ, ಪೂರ್ತಿ ಓದಿ.

ನೂಲುವ ವಿಭಾಗದ ಬಾಗಿಲು ತೆರೆದ ಕೂಡಲೇ ಆ ಸದ್ದು ಎದೆಗೆ ಬಂದು ಗುದ್ದಿತು. ಮೇಸ್ತ್ರಿ ಪಕ್ಕದಲ್ಲೇ ನಿಂತು ಏನೋ ಹೇಳುತ್ತಿದ್ದಾರೆ, ನನಗೆ ಒಂದಕ್ಷರ ತಿಳಿಯುತ್ತಿಲ್ಲ. ಹತ್ತಿಯ ಧೂಳು ಹೊಗೆಯ ಹಾಗೆ ತೇಲುತ್ತಿತ್ತು. ಆ ನಡುವೆ ಹೆಂಗಸರು ಸಾಲಿನಿಂದ ಸಾಲಿಗೆ ಹರಟೆ ಹೊಡೆಯುತ್ತಿದ್ದಾರೆ! ಗಂಟಲಿನಿಂದ ಸ್ವರವೇ ಬರುತ್ತಿಲ್ಲ. ಬಾಯಿ ಅಗಲಿಸಿ, ತುಟಿ ತಿರುಗಿಸಿ, ಹುಬ್ಬು ಹಾರಿಸಿ, ಎರಡು ಬೆರಳು ಆಡಿಸಿದರೆ ಅಷ್ಟು ದೂರದಲ್ಲಿರುವವಳು ಬಿದ್ದು ಬಿದ್ದು ನಗುತ್ತಾಳೆ. ನನ್ನ ವಿಷಯವೇ ಏನೋ ಹೇಳಿಕೊಂಡು ನಕ್ಕರೆಂದು ಕಾಣುತ್ತದೆ. ನೀವೂ, ನಿಮ್ಮ ಜೊತೆ ಮಿಲ್ಲಿನಲ್ಲಿದ್ದ ಎದುರುಮನೆಯ ಬಾಬಿನ್ ಅಕ್ಕನೂ ಕಿಟಕಿಯಿಂದ ಕಿಟಕಿಗೆ ಹೀಗೇ ಬೀದಿಯ ಸುದ್ದಿಯೆಲ್ಲ ಮಾತಾಡಿಕೊಳ್ಳುತ್ತಿದ್ದಿರಲ್ಲ, ನಾನು ಮದುವೆಯಾಗಿ ಬಂದ ಹೊಸದರಲ್ಲಿ ಇವರಿಬ್ಬರಿಗೆ ಏನಾಗಿದೆ ಎಂದು ಗಾಬರಿಯಾಗಿದ್ದೆ. ಅದರ ತವರುಮನೆ ಇದು ಎಂದು ಈಗ ಕಣ್ಣಾರೆ ಕಂಡೆ.

ಪ್ರಶ್ನೆ ಕೇಳಲು ಮಿಲ್ಲಿನವರು ಪ್ರಥಮ ಚಿಕಿತ್ಸೆಯ ಕೋಣೆ ಬಿಟ್ಟುಕೊಟ್ಟರು. ಬಾಗಿಲು ಹಾಕಿದರೆ ನಿಶ್ಶಬ್ದ. ಒಂದು ಮೇಜು, ಎರಡು ಕುರ್ಚಿ, ಗೋಡೆಯ ಮೇಲೆ ನಿಂತುಹೋದ ಗಡಿಯಾರ. ಹೆಂಗಸರು ಒಬ್ಬೊಬ್ಬರಾಗಿ ಬಂದು ಎದುರು ಕೂತರು. ಧೂಳಿಗೆಂದು ಹಾಕಿದ್ದ ಮಾಸ್ಕಿನಲ್ಲೇ ಮಾತಾಡಿದರೆ ಆಫೀಸಿನವಳ ಹಾಗೆ ಕಾಣುತ್ತೇನೆ, ಮನಸ್ಸು ಬಿಚ್ಚುವುದಿಲ್ಲ ಎಂದು ಮಾಸ್ಕ್ ತೆಗೆದಿಟ್ಟೆ. ಮೊದಲು ಟೀ ಕುಡಿಸಿ ಆಮೇಲೆ ಕೇಳಿದೆ. ಎಷ್ಟು ಚೆನ್ನಾಗಿ ಉತ್ತರ ಕೊಟ್ಟರು ಗೊತ್ತಾ! ಕಿವಿ ಮಂದವಾಗಿದೆಯಾ ಎಂದರೆ "ಇಲ್ಲಮ್ಮ, ಚೆನ್ನಾಗಿದೆ." ಮನೆಯಲ್ಲಿ ಮಾತು ಸರಿಯಾಗಿ ಕೇಳಿಸುತ್ತದಾ ಎಂದರೆ "ಓ, ಬೇಡ ಅಂದ್ರೂ ಕೇಳ್ಸುತ್ತೆ." ಒಬ್ಬರಿಗೂ ತೊಂದರೆಯಿಲ್ಲ. ಒಂದೇ ಒಂದು ಪ್ರಶ್ನೆಯನ್ನೂ ನಾನು ಎರಡನೆಯ ಸಲ ಹೇಳಬೇಕಾಗಲಿಲ್ಲ. ನೀವೆಲ್ಲ ಕಬ್ಬಿಣದ ಕಿವಿಯವರು ಎಂದು ಬರೆದು ಮೇಡಂಗೆ ಕಳಿಸಿದ್ದೇನೆ.

ಆನ್‌ಲೈನ್ ಕ್ಲಾಸಿನಲ್ಲಿ ಇದನ್ನು ಹೇಳಿದಾಗ ಎಲ್ಲರೂ ಚಪ್ಪಾಳೆ ಗುರುತು ಹಾಕಿದರು. ನಮ್ಮ ಗುಂಪಿನಲ್ಲಿ ಒಬ್ಬ ಹಲ್ಲಿನ ಡಾಕ್ಟರು, ಒಬ್ಬ ನೀರು ಸರಬರಾಜಿನ ಇಂಜಿನಿಯರು ಇದ್ದಾರೆ. ಇಂಜಿನಿಯರು ಮಾತು ಶುರುಮಾಡಿದ ಕೂಡಲೇ ಅವರ ಮನೆಯ ನಾಯಿಯೂ ಶುರುಮಾಡುತ್ತದೆ. ಯಾರ ಮಾತು ಮುಗಿಯಿತೆಂದು ಗೊತ್ತಾಗುವುದೇ ಕಷ್ಟ.

ಕೂಸು ಕತ್ತು ನಿಲ್ಲಿಸಿತಾ? ಬರುವ ವಿಷಯಕ್ಕೆ ನೀವು ಉತ್ತರ ಕೊಡಲಿಲ್ಲ.

ನಿಮ್ಮ ಸೊಸೆ

*

ಫೆಬ್ರವರಿ ೨೪

ಕಾಗದ ಬಂತು. ಎಲ್ಲರ ಕಿವಿ ಚೆನ್ನಾಗಿದೆ ಎಂದು ತಿಳಿದು ಸಂತೋಷ.

ಕೂಸು ನಗುವುದನ್ನು ಕಲಿತಿದೆ. ನಿನ್ನ ನಾದಿನಿ ಮೇ ತಿಂಗಳಿಂದ ಕೆಲಸಕ್ಕೆ ಹೋಗುತ್ತಾಳಂತೆ. "ಅಮ್ಮ ಇರೋವಾಗ ನಂಗೇನು ಯೋಚ್ನೆ, ಹಗಲೆಲ್ಲ ಅವಳೇ ನೋಡ್ಕೋತಾಳೆ" ಎಂದು ಎಲ್ಲರಿಗೂ ಹೇಳಿಕೊಂಡು ಬರುತ್ತಿದ್ದಾಳೆ. ಮನೆಯಲ್ಲಿ ನಾನು, ಕೂಸು, ಇಬ್ಬರೇ. ನೋಡೋಣ.

ಇಲ್ಲಿ ಚಳಿ. ಜಾಸ್ತಿ ಬರೆಯಲು ಕೈ ಬರುತ್ತಿಲ್ಲ.

ಅತ್ತೆ

*

ಮಾರ್ಚ್ ೬

ಅತ್ತೆ,

ನಿಮ್ಮ ಕಾಗದ ಇಷ್ಟೇ ಇಷ್ಟು. ಒಂದು ತಮಾಷೆಯಿಲ್ಲ, ಒಂದು ಬೈಗುಳವಿಲ್ಲ. ಹಿಂದೆ ಮುಂದೆ ತಿರುಗಿಸಿ ನೋಡಿದೆ. ನನ್ನನ್ನು ಡಾಕ್ಟ್ರಮ್ಮ ಎಂದೂ ಕರೆದಿಲ್ಲ.

ಇಲ್ಲಿ ನನ್ನ ಗಾಳಿಗೋಪುರ ಉರುಳಿಬಿತ್ತು. ಮೇಡಂ ಅಧ್ಯಯನವನ್ನು ವಾಪಸ್ ಕಳಿಸಿದ್ದಾರೆ. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. "ಅಂಥಾ ಸದ್ದಲ್ಲಿ ಜೀವಮಾನ ಕಳೆದವರಲ್ಲಿ ಒಬ್ಬರಿಗೂ ಏನೂ ಆಗಿಲ್ಲ ಅಂದ್ರೆ ನಾನು ನಂಬಲ್ಲ. ಅವರು ನಿಜ ಹೇಳ್ತಿಲ್ಲ, ಇಲ್ಲಾ ನೀವು ಕೇಳಿದ ರೀತಿಯಲ್ಲೇ ಏನೋ ತಪ್ಪಿದೆ. ಹುಡುಕಿ" ಎಂದರು. ಎಲ್ಲಿ ಹುಡುಕಲಿ? ಪ್ರಶ್ನೆಗಳನ್ನು ಮತ್ತೆ ಮತ್ತೆ ಓದಿದೆ. ಸರಿಯಾಗಿಯೇ ಇವೆ. ತಿಂಗಳ ಕೊನೆಗೆ ಹೊಸದಾಗಿ ಏನನ್ನಾದರೂ ತೋರಿಸದಿದ್ದರೆ ಮುಗಿಯಿತು.

ಇನ್ನೊಂದು ವಿಷಯ. ಮನೆ ಅಚ್ಚುಕಟ್ಟಾಗಿದೆ ಎಂದು ಬರೆದಿದ್ದೆನಲ್ಲ, ಅದು ಸುಳ್ಳು. ಇವರಿಗೆ ದೂರದ ಬಸ್ಸಿನ ಡ್ಯೂಟಿ ಬಿದ್ದಿದೆ, ಮನೆಗೆ ಬಂದರೆ ಮಲಗುವುದಕ್ಕೇ ಸಮಯ ಸಾಲದು. ಪುಟ್ಟಿ ಶಾಲೆಯಿಂದ ಬಂದು ಟೈಲರ್ ಅಂಗಡಿಯಲ್ಲಿ ಕೂರುತ್ತಾಳೆ. ಈಗ ಅವಳಿಗೆ ಗುಂಡಿ ಹೊಲಿಯಲು ಬರುತ್ತದೆ, ಮಗ್ಗಿ ಮರೆತುಹೋಗಿದೆ. ಇದನ್ನು ಬರೆದರೆ ನೀವು ಓಡಿ ಬರುತ್ತೀರೆಂದು ಬರೆದಿರಲಿಲ್ಲ.

ನೇರವಾಗಿ ಕೇಳುತ್ತೇನೆ ಅತ್ತೆ. ನೀವು ಹೊರಟುಹೋದದ್ದು ನನ್ನ ಓದಿನಿಂದ ತಾನೇ? ನಾನು ಬಾಗಿಲು ಹಾಕಿಕೊಂಡು ಕ್ಲಾಸಿನಲ್ಲಿ ಕೂತರೆ ಅಡುಗೆ, ಬಟ್ಟೆ, ಪುಟ್ಟಿ, ಎಲ್ಲ ನಿಮ್ಮ ತಲೆಯ ಮೇಲೆ ಬೀಳುತ್ತಿತ್ತು. ಹಾಡು ಹಗಲೇ ಕುರ್ಚಿಯಲ್ಲಿ ನಿದ್ದೆ ಹೋಗುವಷ್ಟು, ಪಕ್ಕದ ಗೋಡೆಯಾಚೆ ಮಗು ಕಿರುಚಿದರೂ ಎಚ್ಚರವಾಗದಷ್ಟು ನಿಮ್ಮನ್ನು ದಣಿಸಿದ್ದೆ. ನೀವು ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಈಗ ಫೋನಿಗೂ ಬರುತ್ತಿಲ್ಲ, ಬರುವ ಮಾತೂ ಆಡುತ್ತಿಲ್ಲ. ಕೋಪವಿದ್ದರೆ ಹೇಳಿ. ನಾನು ಓದು ಬಿಟ್ಟುಬಿಡುತ್ತೇನೆ. ಪದವಿ ಇಲ್ಲದೆಯೂ ಇಂಜೆಕ್ಷನ್ ಕೊಡಬಹುದು. ನೀವಿಲ್ಲದ ಮನೆ ನನ್ನಿಂದ ಆಗುವುದಿಲ್ಲ.

ನಿಮ್ಮ ಸೊಸೆ

*

ಮಾರ್ಚ್ ೨೦

ಅತ್ತೆ,

ಉತ್ತರ ಬರಲಿಲ್ಲ. ಅರ್ಥವಾಯಿತು.

ಕೋರ್ಸ್ ಬಿಡುತ್ತೇನೆಂದು ವಿಶ್ವವಿದ್ಯಾಲಯಕ್ಕೆ ಪತ್ರ ಬರೆದಿಟ್ಟಿದ್ದೇನೆ. ತಿಂಗಳ ಕೊನೆಯ ದಿನ ಕಳಿಸುತ್ತೇನೆ. ನನಗೆ ಇದರಿಂದ ದೊಡ್ಡ ಬೇಸರವೇನಿಲ್ಲ, ನೀವು ಹಾಗೆ ತಿಳಿಯಬೇಡಿ. ಇಷ್ಟು ದೂರ ಓದಿಸಿದಿರಿ, ಅಷ್ಟೇ ನನ್ನ ಪುಣ್ಯ.

ಪುಟ್ಟಿ ನಿಮಗೆಂದು ಒಂದು ಕರವಸ್ತ್ರ ಹೊಲಿದಿದ್ದಾಳೆ. ಬಂದಾಗ ಕೊಡುತ್ತಾಳಂತೆ.

ನಿಮ್ಮ ಸೊಸೆ

*

ಮಾರ್ಚ್ ೨೧

ಮಗಳೇ,

ಈ ಕಾಗದವನ್ನು ಬೇಗ ತಲುಪುವ ಅಂಚೆಗೆ ಹಾಕಲು ಅಳಿಯಂದಿರನ್ನು ಕಳಿಸುತ್ತಿದ್ದೇನೆ. ನೀನು ಆರನೇ ತಾರೀಖು ಬರೆದ ಕಾಗದ ಬಂದ ದಿನದಿಂದ ಬರೆಯುವುದು, ಹರಿಯುವುದು, ಇದೇ ಕೆಲಸವಾಗಿದೆ. ಇದನ್ನು ಹರಿಯುವುದಿಲ್ಲ.

ಆ ದಿನ ನನಗೆ ಜೋಂಪು ಹತ್ತಿರಲಿಲ್ಲ. ಎಚ್ಚರವಾಗಿಯೇ ಇದ್ದೆ. ಬಟಾಣಿ ಸುಲಿಯುತ್ತಾ ಕೂತಿದ್ದೆ. ಬಚ್ಚಲಿನ ಬಾಗಿಲು ನನ್ನ ಬೆನ್ನ ಹಿಂದೆ ಇತ್ತು. ಮಗು ಬಾಗಿಲು ಬಡಿಯುತ್ತಿದ್ದದ್ದು, ಅಜ್ಜೀ ಎಂದು ಕೂಗುತ್ತಿದ್ದದ್ದು, ಒಂದೂ ನನಗೆ ಕೇಳಿಸಲಿಲ್ಲ. ಟೈಲರ್ ನನ್ನನ್ನು ದಾಟಿಕೊಂಡು ಓಡಿದಾಗಲೇ ನಾನು ತಿರುಗಿ ನೋಡಿದ್ದು. ನೀನು ರೂಮಿನಿಂದ ಬಂದು "ನಿದ್ದೆ ಬಂದಿತ್ತಾ ಅತ್ತೆ, ಪಾಪ" ಎಂದೆ. ಹೂಂ ಎಂದುಬಿಟ್ಟೆ. ಆ ಒಂದು ಹೂಂ ಈಗ ನಿನ್ನ ಓದಿನ ಕುತ್ತಿಗೆಗೆ ಬಂದಿದೆ.

ನನ್ನ ಕಿವಿ ಹೋಗಿ ಬಹಳ ಕಾಲವಾಯಿತು ಕಣಮ್ಮ. ಮಿಲ್ಲಿನಲ್ಲಿದ್ದಾಗಲೇ ಶುರುವಾಗಿತ್ತು. ಎದುರು ಕೂತವರ ಬಾಯಿ ನೋಡಿದರೆ ನನಗೆ ಎಲ್ಲ ತಿಳಿಯುತ್ತದೆ, ಮಿಲ್ಲಿನವರಿಗೆಲ್ಲ ಆ ಅಭ್ಯಾಸ. ಅದಕ್ಕೇ ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಅತ್ತೆ ಎಷ್ಟು ಗಮನ ಕೊಟ್ಟು ಮಾತು ಕೇಳುತ್ತಾರೆ, ಕಣ್ಣು ಕೂಡ ಮಿಟುಕಿಸುವುದಿಲ್ಲ ಎಂದು ನೀನು ನಿನ್ನ ಸ್ನೇಹಿತೆಯರಿಗೆ ಹೇಳುತ್ತಿದ್ದೆ. ಕಣ್ಣು ಮಿಟುಕಿಸಿದರೆ ಮಾತು ತಪ್ಪಿಹೋಗುತ್ತಿತ್ತು. ಫೋನಿಗೆ ಬಾಯಿಲ್ಲ, ಅದಕ್ಕೆ ನಾನು ಸ್ನಾನದ ನೆಪ ಹೇಳಿ ತಪ್ಪಿಸಿಕೊಂಡದ್ದು.

ಎಲ್ಲರೂ ಮುಖ ಮುಚ್ಚಿಕೊಂಡು ಓಡಾಡಿದ ಆ ರೋಗದ ಕಾಲ ನೆನಪಿದೆಯಲ್ಲ. ನಿಮಗೆಲ್ಲ ರೋಗದ ಭಯ. ನನಗೆ ಊರಿಗೆ ಊರೇ ಮಾತು ಬಿಟ್ಟ ಹಾಗಾಗಿತ್ತು. ಅಂಗಡಿಯವನು ಏನು ಕೇಳಿದನೋ, ನಾನು ಏನು ಹೇಳಿದೆನೋ, ಸುಮ್ಮನೆ ತಲೆಯಾಡಿಸಿ ಬರುತ್ತಿದ್ದೆ. ನೀನು ಆಸ್ಪತ್ರೆ ಡ್ಯೂಟಿ ಮುಗಿಸಿ, ಮಾಸ್ಕ್ ತೆಗೆದು, ಸ್ನಾನ ಮಾಡಿ ಬಂದು "ಅತ್ತೆ, ಟೀ ಕುಡೀತೀರಾ?" ಎಂದು ಕೇಳಿದಾಗ ನನಗೆ ಜೀವ ಬಂದ ಹಾಗಾಗುತ್ತಿತ್ತು. ಇಡೀ ದಿನದಲ್ಲಿ ನನಗೆ ತಿಳಿಯುತ್ತಿದ್ದ ಮೊದಲ ಮಾತು ಅದೇ.

ಯಾಕೆ ಮುಚ್ಚಿಟ್ಟೆ ಎಂದು ಕೇಳುತ್ತೀಯ. ನಮ್ಮ ಕಾಲದಲ್ಲಿ ಕಿವಿ ಮಂದವೆಂದು ಗೊತ್ತಾದವಳನ್ನು ಯಂತ್ರದಿಂದ ತೆಗೆದು ಕಸ ಗುಡಿಸಲು ಹಾಕುತ್ತಿದ್ದರು. ಯಾರು ಕೇಳಿದರೂ "ಚೆನ್ನಾಗಿದೆ" ಎಂದು ಹೇಳುವುದು ನಾಲಿಗೆಗೆ ರೂಢಿಯಾಯಿತು. ಮಿಲ್ಲು ಬಿಟ್ಟ ಮೇಲೂ ಆ ರೂಢಿ ಹೋಗಲಿಲ್ಲ. ಆಮೇಲೆ ನೀನು ಓದಲು ಸೇರಿದೆ. ಮನೆ ನಾನು ನೋಡಿಕೊಳ್ಳುತ್ತೇನೆ ಎಂದು ಮಾತು ಕೊಟ್ಟಿದ್ದೆ. ಕೇಳಿಸದವಳ ಕೈಗೆ ಯಾರು ಮಗುವನ್ನು ಒಪ್ಪಿಸುತ್ತಾರೆ? ನನ್ನ ಕಿವಿಯ ವಿಷಯ ತಿಳಿದರೆ ನೀನು ಆ ದಿನವೇ ಪುಸ್ತಕ ಮುಚ್ಚಿಡುತ್ತೀಯ ಎಂದು ಹೆದರಿದೆ. ಆ ಬಚ್ಚಲಿನ ದಿನದ ಮೇಲೆ ನನ್ನ ಮೇಲೆ ನನಗೇ ನಂಬಿಕೆ ಹೋಯಿತು. ಇಲ್ಲಿಗೆ ಓಡಿ ಬಂದೆ. ಇಲ್ಲಿ ಬಂದು ನೋಡಿದರೆ ಇನ್ನೂ ಸಣ್ಣ ಕೂಸು! ತೊಟ್ಟಿಲು ಬಿಟ್ಟು ಏಳದ ಅಜ್ಜಿ ಎಂದು ಹೊಗಳುತ್ತಾರೆ ಎಂದಿದ್ದೆನಲ್ಲ, ಎದ್ದುಹೋದರೆ ಅದು ಅತ್ತದ್ದು ನನಗೆ ಗೊತ್ತಾಗುವುದಿಲ್ಲ. ಅಂಗೈ ಎದೆಯ ಮೇಲಿದ್ದರೆ ಮಾತ್ರ ಗೊತ್ತಾಗುತ್ತದೆ.

ನಿನ್ನ ಓದಿನಿಂದ ನನಗೆ ದಣಿವಾಗಲಿಲ್ಲ. ನೀನು ಕ್ಲಾಸ್ ಮುಗಿಸಿ ಬಂದು ಆ ದಿನ ಕಲಿತದ್ದನ್ನು ನನಗೆ ಹೇಳುತ್ತಿದ್ದೆ, ನೀರಿನ ಬಾವಿಯಿಂದ ರೋಗ ಹರಡಿದ ಕಥೆ, ಕೈ ತೊಳೆಯುವ ಕಥೆ. ನನ್ನ ಎದುರು ಕೂತು, ನನ್ನ ಮುಖ ನೋಡಿಕೊಂಡು, ನಿಧಾನವಾಗಿ. ಈ ಮುದುಕಿಗೆ ಅಷ್ಟು ಹೊತ್ತು ಎದುರು ಕೂತು ಯಾರು ಮಾತಾಡಿದ್ದಾರೆ ಹೇಳು. ನಾನು ಕೂಡ ನಿನ್ನ ಜೊತೆ ಓದುತ್ತಿದ್ದೇನೆ ಎಂದುಕೊಂಡಿದ್ದೆ.

ನಿನ್ನ ಪ್ರಶ್ನೆಯಲ್ಲಿ ಏನು ತಪ್ಪಿದೆಯೋ ನನಗೆ ತಿಳಿಯದು, ಅದು ನಿನ್ನ, ನಿನ್ನ ಮೇಡಂ ಅವರ ಕೆಲಸ. ಆದರೆ ಆ ಕುರ್ಚಿಯಲ್ಲಿ ನಾನು ಕೂತಿದ್ದರೂ "ಚೆನ್ನಾಗಿದೆ" ಎಂದೇ ಹೇಳುತ್ತಿದ್ದೆ, ಇದು ಸತ್ಯ.

ಓದು ಬಿಡಬೇಡ. ನನ್ನ ಮೇಲೆ ಕೋಪ ಬಂದರೆ ಬರಲಿ. ಓದು ಮಾತ್ರ ಬಿಡಬೇಡ.

ಅತ್ತೆ

*

ಮಾರ್ಚ್ ೩೦

ನನ್ನ ಅತ್ತೆಗೆ,

ನಿಮ್ಮ ಕಾಗದವನ್ನು ಆರೋಗ್ಯ ಕೇಂದ್ರದ ಔಷಧಿ ಕೋಣೆಯಲ್ಲಿ ನಿಂತುಕೊಂಡೇ ಓದಿದೆ. ಫಾರ್ಮಸಿಸ್ಟ್ ಬಂದು "ಏನಾಯ್ತು ಸಿಸ್ಟರ್, ಮನೇಲಿ ಎಲ್ಲ ಕ್ಷೇಮಾನಾ?" ಎಂದು ಕೇಳಿದರು. ಅಳುತ್ತಾ ನಗುತ್ತಾ "ಕ್ಷೇಮ, ಕ್ಷೇಮ" ಎಂದೆ. ಅವರಿಗೆ ಏನು ತಿಳಿಯಿತೋ, ಒಂದು ಲೋಟ ನೀರು ಕೊಟ್ಟು ಹೋದರು.

ನಿಮ್ಮ ಮೇಲೆ ಕೋಪ ಬಂತು. ನಿಜ ಹೇಳುತ್ತೇನೆ, ಬಹಳ ಬಂತು. ಒಂದೇ ಸೂರಿನಡಿ ಇಷ್ಟು ವರ್ಷ ಇದ್ದು, ನಾನು ನರ್ಸ್ ಆಗಿದ್ದು, ನನಗೆ ಹೇಳಲಿಲ್ಲವಲ್ಲ ಎಂದು. ಆಮೇಲೆ ನನ್ನ ಮೇಲೆ ಅದಕ್ಕಿಂತ ಹೆಚ್ಚು ಬಂತು. ಆಮೇಲೆ ಎರಡೂ ಇಳಿದುಹೋಯಿತು. ನೀವು ನನ್ನ ಎದುರು ಕೂತು ಕಣ್ಣು ಮಿಟುಕಿಸದೆ ನೋಡುತ್ತಿದ್ದ ಮುಖವೇ ಕಣ್ಣ ಮುಂದೆ ಉಳಿಯಿತು.

ಆ ಮಾಸ್ಕಿನ ಸಾಲುಗಳನ್ನು ಎರಡನೆಯ ಸಲ ಓದುವಾಗ ನನಗೆ ಹೊಳೆಯಿತು. ನಾನು ಒಳ್ಳೆಯವಳಾಗಲು ಹೋಗಿ ಮಾಸ್ಕ್ ತೆಗೆದಿದ್ದೆ! ಆ ಹೆಂಗಸರಿಗೆ ನನ್ನ ಬಾಯಿಯನ್ನು ತಟ್ಟೆಯಲ್ಲಿಟ್ಟು ಕೊಟ್ಟು, ಕಿವಿ ಹೇಗಿದೆ ಎಂದು ಕೇಳಿದ್ದೆ. ಅಂದೇ ಮೇಡಂಗೆ ಫೋನ್ ಮಾಡಿದೆ. ಅವರು "ಹೊರಡಿ, ಮತ್ತೆ ಹೋಗಿ. ಆದ್ರೆ ಯಾರ ಹೆಸರೂ ಬರೀಬೇಡಿ, ಮಿಲ್ಲಿನವರಿಗೆ ಒಂದು ಕಾಗದನೂ ತೋರಿಸ್ಬೇಡಿ" ಎಂದರು. ಕಿವಿ ಪರೀಕ್ಷೆ ಮಾಡುವ ಯಂತ್ರದೊಂದಿಗೆ ತಮ್ಮ ಪರಿಚಯದ ಒಬ್ಬರನ್ನು ಕಳಿಸಿಕೊಟ್ಟರು.

ಈ ಸಲ ಮಿಲ್ಲಿನ ಕೋಣೆ ಬೇಡವೆಂದು ಆರೋಗ್ಯ ಕೇಂದ್ರಕ್ಕೇ ಕರೆದೆ. ಎಲ್ಲರೂ ಬಂದು ಬೆಂಚಿನ ಮೇಲೆ ಕೂತರು. ಮಾಸ್ಕ್ ಹಾಕಿಕೊಂಡೇ ನಿಂತು, "ಅಕ್ಕಂದಿರೇ, ಹೋದ ಸಲ ನಾನೇ ತಪ್ಪು ಮಾಡಿದೆ" ಎಂದು ಶುರುಮಾಡಿದೆ. ಯಾರೂ ಅಲ್ಲಾಡಲಿಲ್ಲ. ನಗುತ್ತಾ ಕೂತೇ ಇದ್ದರು. ಇನ್ನೊಮ್ಮೆ ಹೇಳಿದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಎಲ್ಲರಿಗಿಂತ ಹಿರಿಯಾಕೆ ಎದ್ದು ಬಂದು, ನನ್ನ ಮಾಸ್ಕನ್ನು ಗಲ್ಲಕ್ಕೆ ಎಳೆದು, "ಬಾಯಿ ತೋರ್ಸಮ್ಮ, ಬಾಯಿ ಇಲ್ದೆ ಹೇಗೆ ಮಾತಾಡೋದು!" ಎಂದರು. ಬೆಂಚಿಗೆ ಬೆಂಚೇ ನಕ್ಕಿತು. ನಗು ನಿಂತಿತು. ಹಿರಿಯಾಕೆ ನನ್ನ ಮುಖವನ್ನೇ ನೋಡುತ್ತಾ ಕೇಳಿದರು: "ಗೊತ್ತಾಗ್ಬಿಡ್ತಾ ನಿಂಗೆ? ಯಾರು ಹೇಳಿದ್ರು?" ನಮ್ಮ ಅತ್ತೆ ಎಂದೆ. "ಅವರೂ ಮಿಲ್ಲಿನವರಾ? ಹಾಗಾದ್ರೆ ನೀನು ನಮ್ಮನೆ ಸೊಸೆನೇ" ಎಂದು ಪಕ್ಕದಲ್ಲಿ ಜಾಗ ಬಿಟ್ಟುಕೊಟ್ಟರು. ಆಮೇಲೆ ಒಬ್ಬೊಬ್ಬರೂ ಪರೀಕ್ಷೆಗೆ ಕೂತರು. ಫಲಿತಾಂಶ ನೋಡಿದರೆ ನಗು ಬರುವುದಿಲ್ಲ ಅತ್ತೆ. ಚೆನ್ನಾಗಿ ಕೇಳಿಸುವವರು ಆ ಬೆಂಚಿನ ಮೇಲೆ ಬೆರಳೆಣಿಕೆಯಷ್ಟು ಜನ.

ಮೇಡಂ ಒಪ್ಪಿದರು. "ಈಗ ನೀವು ಸಾರ್ವಜನಿಕ ಆರೋಗ್ಯ ಓದ್ತಿದ್ದೀರಿ ಅಂತ ಅನ್ನಿಸ್ತಿದೆ" ಎಂದರು. ಕೋರ್ಸ್ ಬಿಡುವ ಪತ್ರವನ್ನು ಹರಿದುಹಾಕಿದೆ.

ಈಗ ನೀವು ಒಂದು ಕೆಲಸ ಮಾಡಬೇಕು. ನಾದಿನಿಗೆ ಹೇಳಿ. ನಾನು ಹೇಳುವುದಿಲ್ಲ, ನೀವೇ ಹೇಳಬೇಕು. ಕೂಸನ್ನು ಒಬ್ಬರೇ ನೋಡಿಕೊಳ್ಳುವ ಮುಂಚೆ ಹೇಳಿ. ಕಿವಿ ಪರೀಕ್ಷೆ ಮಾಡಿಸಿ. ಒಂದು ಮಾತು: ನಿಮ್ಮ ಕೈಗೆ ಯಾರು ಮಗುವನ್ನು ಒಪ್ಪಿಸುತ್ತಾರೆ ಎಂದು ಕೇಳಿದಿರಲ್ಲ. ನಾನು ಒಪ್ಪಿಸುತ್ತೇನೆ.

ನಿಮ್ಮ ಸೊಸೆ

*

ಏಪ್ರಿಲ್ ೧೯

ಡಾಕ್ಟ್ರಮ್ಮ,

ಹೇಳಿದೆ. ನಿನ್ನ ನಾದಿನಿ ಮೊದಲು ಅತ್ತಳು, ಆಮೇಲೆ ಬಯ್ದಳು, ಆಮೇಲೆ ಅತ್ತುಕೊಂಡೇ ಬಯ್ದಳು. ಬಾಯಿ ಬೇಗ ಬೇಗ ಆಡುತ್ತಿದ್ದುದರಿಂದ ಅರ್ಧ ಬೈಗುಳ ನನಗೆ ತಿಳಿಯಲಿಲ್ಲ, ಲಾಭವೇ ಆಯಿತು. ಕೂಸಿಗೆ ಪಕ್ಕದ ರಸ್ತೆಯ ಶಿಶುವಿಹಾರದಲ್ಲಿ ಜಾಗ ಹುಡುಕಿದ್ದಾರೆ.

ಪರೀಕ್ಷೆ ಆಯಿತು. ಗಾಜಿನ ಪೆಟ್ಟಿಗೆಯಲ್ಲಿ ಕೂರಿಸಿ, ಸದ್ದು ಕೇಳಿದರೆ ಗುಂಡಿ ಒತ್ತಿ ಎಂದರು. ನಾನು ಹುಡುಗಿಯ ಮುಖ ನೋಡಿ ಒತ್ತುತ್ತಿದ್ದೆ. ಅವಳು ಜಾಣೆ, ನನ್ನ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಬಿಟ್ಟಳು! ಕಿವಿಗೆ ಹಾಕುವ ಯಂತ್ರ ಬರಲು ಸಮಯವಿದೆಯಂತೆ. ಹೋದದ್ದೆಲ್ಲ ವಾಪಸ್ ಬರುವುದಿಲ್ಲ, ಇರುವುದನ್ನು ದೊಡ್ಡದು ಮಾಡುತ್ತದೆ ಎಂದಳು.

ನೀನು ಬರೆದ ಕೊನೆಯ ಸಾಲನ್ನು ಯಾರಿಗೂ ಓದಿ ಹೇಳಲಿಲ್ಲ. ಅದು ನನಗೆ ಮಾತ್ರ.

ಅತ್ತೆ

*

ಜೂನ್ ೨೩

ಅತ್ತೆ,

ಪಾಸಾದೆ!

ಪರದೆಯ ಮೇಲೆ ಮೂರು ಜನ ಪರೀಕ್ಷಕರು ಇದ್ದರು. ಒಬ್ಬರು, "ಮೊದಲ ಸಲ ಬಂದ ತಪ್ಪು ಫಲಿತಾಂಶವನ್ನು ಯಾಕೆ ತೆಗೆದುಹಾಕಲಿಲ್ಲ, ಒಂದು ಅಧ್ಯಾಯವನ್ನೇ ಅದಕ್ಕೆ ಕೊಟ್ಟಿದ್ದೀರಲ್ಲ?" ಎಂದು ಕೇಳಿದರು. "ಸರ್, ಆ ಅಧ್ಯಾಯ ಇಲ್ಲದಿದ್ದರೆ ನನ್ನ ನಂತರ ಹೋಗುವವರೂ ಮಾಸ್ಕ್ ತೆಗೆದೇ ಕೇಳುತ್ತಾರೆ" ಎಂದೆ. ಮೂವರೂ ಏನೋ ಬರೆದುಕೊಂಡರು. ಮೇಡಂ ತಮ್ಮ ಚೌಕದಲ್ಲಿ ನಗುತ್ತಿದ್ದರು. ಇಂಜಿನಿಯರ ನಾಯಿ ಕೂಡ ಬೊಗಳಿ ಅಭಿನಂದಿಸಿತು.

ಯಾರ ಹೆಸರೂ ಹೇಳದೆ ಮಿಲ್ಲಿನವರ ಜೊತೆ ಮಾತು ನಡೆಸುತ್ತಿದ್ದೇವೆ. ಕಿವಿ ಮಂದವಾದರೂ ಯಾರನ್ನೂ ಯಂತ್ರದಿಂದ ತೆಗೆಯುವುದಿಲ್ಲ ಎಂದು ಬರೆದುಕೊಟ್ಟಿದ್ದಾರೆ, ಹೊಸದಾಗಿ ಸೇರುವ ಹುಡುಗಿಯರಿಗೆ ಮೊದಲ ದಿನದಿಂದಲೇ ಕಿವಿಗೆ ಹಾಕುವ ಮುಚ್ಚಳ ಕೊಡಲು ಒಪ್ಪಿದ್ದಾರೆ. ಹಿರಿಯಾಕೆ ಒಂದೊಂದು ಹುಡುಗಿಯ ಹಿಂದೆ ಬಿದ್ದು ಅದನ್ನು ಹಾಕಿಸುತ್ತಿದ್ದಾರಂತೆ.

ಇವರಿಗೆ ನಿಮ್ಮ ವಿಷಯ ತಿಳಿದ ಮೇಲೆ ಮನೆಯಲ್ಲಿ ಒಂದು ಬದಲಾವಣೆ. ಬಸ್ಸಿನವರ ಹಾಗೆ ಬಾಗಿಲಲ್ಲೇ ನಿಂತು ಕೂಗುವುದನ್ನು ಬಿಟ್ಟು, ಎದುರು ಬಂದು ನಿಂತು ಮಾತಾಡುವುದನ್ನು ಅಭ್ಯಾಸ ಮಾಡುತ್ತಿದ್ದಾರೆ. ನೀವು ಬರುವ ಮೊದಲೇ ತಯಾರಿ. ಅವರು ಬಾಯಿ ಅಗಲಿಸಿ ಮಾತಾಡುವುದನ್ನು ನೋಡಿ ಪುಟ್ಟಿಗೆ ಹೊಟ್ಟೆ ಹುಣ್ಣಾಗುವಷ್ಟು ನಗು.

ಈ ಪದವಿ ನನ್ನದೆಂದು ಎಲ್ಲರೂ ಹೇಳುತ್ತಿದ್ದಾರೆ. ನಾನು ಹೂಂ ಎನ್ನುತ್ತಿದ್ದೇನೆ. ಆದರೆ ನನಗೆ ಓದಲು ಹೇಳಿದವರು ನೀವು, ಓದಲು ಬಿಟ್ಟವರು ನೀವು, ಬಿಡಲು ಹೊರಟಾಗ ಹಿಡಿದು ನಿಲ್ಲಿಸಿದವರೂ ನೀವು. ಇದನ್ನು ಎದುರು ಕೂತು ಹೇಳಲು ನನಗೆ ನಾಚಿಕೆಯಾಗುತ್ತದೆ, ಅದಕ್ಕೆ ಕಾಗದದಲ್ಲಿ ಬರೆದೆ.

ಯಂತ್ರ ಬಂತಾ? ಬೇಗ ಬನ್ನಿ.

ನಿಮ್ಮ ಸೊಸೆ

*

ಜುಲೈ ೫

ನನ್ನ ಪೂರ್ತಿ ಡಾಕ್ಟ್ರಮ್ಮನಿಗೆ,

ಭಾನುವಾರದ ಬಸ್ಸಿಗೆ ಹೊರಡುತ್ತಿದ್ದೇನೆ. ನನ್ನ ಮಗರಾಯನಿಗೆ ಹೇಳು, ನಿಲ್ದಾಣಕ್ಕೆ ಬರಲಿ, ಬಾಯಿ ಅಷ್ಟೊಂದು ಅಗಲಿಸುವುದು ಬೇಡ, ಜನ ಹೆದರುತ್ತಾರೆ.

ಯಂತ್ರ ಬಂದು ವಾರವಾಯಿತು. ಲೋಕದಲ್ಲಿ ಇಷ್ಟು ಗಲಾಟೆಯಿದೆಯೆಂದು ಯಾರೂ ನನಗೆ ಹೇಳಲಿಲ್ಲವಲ್ಲ! ಚಮಚ ಬಿದ್ದರೆ ಬೆಚ್ಚಿಬೀಳುತ್ತೇನೆ. ನನ್ನ ಚಪ್ಪಲಿ ಇಷ್ಟು ಸದ್ದು ಮಾಡುತ್ತದೆಂದು ನನಗೇ ಗೊತ್ತಿರಲಿಲ್ಲ. ಅಳಿಯಂದಿರು ಗೊರಕೆ ಹೊಡೆಯುತ್ತಾರೆ, ಇದನ್ನು ನಿನ್ನಲ್ಲೇ ಇಟ್ಟುಕೋ. ಮಾತು ಇನ್ನೂ ಪೂರ್ತಿ ಬಿಡಿಬಿಡಿಯಾಗಿ ತಿಳಿಯುವುದಿಲ್ಲ, ಬಾಯಿ ನೋಡಲೇಬೇಕು. ಪರವಾಗಿಲ್ಲ, ಆ ವಿದ್ಯೆ ಕೈಯಲ್ಲಿದೆ.

ನೀನು ಪಾಸಾದ ಕಾಗದ ಬಂದಾಗ ಓದಿ, ಮಡಚಿ, ಮತ್ತೆ ಓದಿದೆ. ಎದುರು ಕೂತು ಹೇಳಲು ನಾಚಿಕೆ ಎಂದಿದ್ದೀಯ. ನನಗೂ ಅಷ್ಟೇ. ಆದ್ದರಿಂದ ನಾನೂ ಇಲ್ಲೇ ಬರೆದುಬಿಡುತ್ತೇನೆ: ನೀನು ಈ ಮನೆಗೆ ಬಂದದ್ದು ನನ್ನ ಭಾಗ್ಯ.

ನಿನ್ನೆ ನಡೆದದ್ದು ಹೇಳಿ ಮುಗಿಸುತ್ತೇನೆ. ಕೂಸನ್ನು ತೊಟ್ಟಿಲಲ್ಲಿ ಮಲಗಿಸಿ ಅಡುಗೆಮನೆಗೆ ಬಂದು ಪಾತ್ರೆ ತೊಳೆಯುತ್ತಿದ್ದೆ. ಎಷ್ಟು ತಿಂಗಳ ಮೇಲೆ ತೊಟ್ಟಿಲು ಬಿಟ್ಟು ಅಷ್ಟು ದೂರ ಬಂದಿದ್ದೆನೋ. ಇದ್ದಕ್ಕಿದ್ದಂತೆ ಏನೋ ಸದ್ದು. ಸಣ್ಣದು, ಕಿರಿಕಿರಿ ಸದ್ದು. ನಲ್ಲಿಯೋ ಎಂದು ನಲ್ಲಿ ನಿಲ್ಲಿಸಿದೆ. ಬಾಗಿಲೋ ಎಂದು ನೋಡಿದೆ. ಆಮೇಲೆ ತಿಳಿಯಿತು. ಗೋಡೆಯಾಚೆಯಿಂದ ಕೂಸು ಅಳುತ್ತಿತ್ತು. ಕೈಯಲ್ಲಿ ಸೋಪಿನ ನೊರೆ, ಹಾಗೇ ನಿಂತುಬಿಟ್ಟೆ. ಎಷ್ಟು ಜೋರಾಗಿ, ಎಷ್ಟು ಹಟದಿಂದ, ಎಷ್ಟು ಚೆನ್ನಾಗಿ ಅಳುತ್ತದೆ ಗೊತ್ತಾ ಆ ಕೂಸು! ನಿನ್ನ ನಾದಿನಿ ಹೊರಗಿನಿಂದ ಓಡಿ ಬಂದಳು.

"ಅಮ್ಮಾ, ಮಗು ಅಳ್ತಿದೆ, ಕೇಳಿಸ್ತಿಲ್ವಾ?"

"ಕೇಳಿಸ್ತಿದೆ ಕಣೇ, ಅದಕ್ಕೇ ನಿಂತಿದ್ದೀನಿ. ಇನ್ನೊಂದು ಚೂರು ಅಳಲಿ ಬಿಡು."

ಅತ್ತೆ